ಗುರಾಣಿ ಕೈಬಿಟ್ಟ ಕಥೆ

(ಚಿತ್ರದುರ್ಗದಲ್ಲಿ ಇತಿಹಾಸಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ಕೋಟೆ ನೋಡಲು ಬರುವ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ. ಕೋವಿ, ಫಿರಂಗಿ ಬಂದ ಮೇಲೂ ನಮ್ಮ ಪಾಳೆಯಗಾರರ ಸೈನಿಕರು ಕತ್ತಿ ಗುರಾಣಿಯನ್ನೇಕೆ ಹಿಡಿದಿದ್ದರು? ಅವರಿಗೆ ತಿಳಿವಳಿಕೆ ಸಾಲದಾಗಿತ್ತೇ? ಹಳೆಯದು ಹೋಗಿ ಅದಕ್ಕಿಂತ ಒಳ್ಳೆಯದು ಬರುತ್ತದೆ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಆಯುಧಗಳ ಚರಿತ್ರೆ ಅಷ್ಟು ಸರಳವಲ್ಲ.

ಮೊದಲು ಇಲ್ಲೇ ಪಕ್ಕದ ಚಂದ್ರವಳ್ಳಿಗೆ ಹೋಗೋಣ. ಅಲ್ಲಿ ನೆಲ ಅಗೆದಾಗ ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯಗಳು ಸಿಕ್ಕವು. ಕ್ರಿ.ಶ. 14ರಿಂದ 37ರವರೆಗೆ ಆಳಿದ ತಿಬೇರಿಯಸ್ ಚಕ್ರವರ್ತಿಯ ನಾಣ್ಯವೂ ಅವುಗಳಲ್ಲಿದೆ. 'ದಿನಾರಿಯಸ್' ಎಂಬ ಈ ನಾಣ್ಯದ ಲೆಕ್ಕದಲ್ಲೇ ರೋಮ್‌ನ ಕಾಲಾಳಿಗೆ ಸಂಬಳ. ಆ ಕಾಲದಲ್ಲಿ ವರ್ಷಕ್ಕೆ 225. ಈ ಸಂಬಳಕ್ಕೂ ಗುರಾಣಿಗೂ ನಂಟಿದೆ. ಹಿಂದೆ ರೋಮ್‌ನ ರೈತ ತನ್ನ ಖರ್ಚಿನಲ್ಲೇ ಆಯುಧ ಕೊಂಡು ಯುದ್ಧಕ್ಕೆ ಹೋಗುತ್ತಿದ್ದ. ಸೈನಿಕರಿಗೆ ಸಂಬಳ ಬಂದ ಮೇಲೆ ದುಂಡು ಗುರಾಣಿ ಹೋಗಿ ಉದ್ದನೆಯ ಗುರಾಣಿ ಬಂತೆಂದು ಲಿವಿ ಎಂಬ ಅಲ್ಲಿಯ ಇತಿಹಾಸಕಾರ ಬರೆದಿದ್ದಾನೆ.

ಮೈಯನ್ನು ಮುಕ್ಕಾಲು ಪಾಲು ಮುಚ್ಚುವ ಬಾಗಿದ ಗುರಾಣಿ, ತಿವಿಯಲು ಗಿಡ್ಡ ಕತ್ತಿ, ಎಸೆಯಲು ಈಟಿ. ಒತ್ತಾಗಿ ಸಾಲುಗಟ್ಟಿ ಹೋರಾಡುವವರಿಗೆ ಇದು ಹೇಳಿ ಮಾಡಿಸಿದ ಜೋಡಿ. ಗಿಡ್ಡ ಕತ್ತಿಯ ಮಾದರಿಯನ್ನು ಅವರು ಸ್ಪೇನಿನ ಶತ್ರುಗಳಿಂದಲೇ ಕಲಿತರು. ಆದರೆ ಕ್ರಿ.ಶ. 3ನೆಯ ಶತಮಾನದ ಹೊತ್ತಿಗೆ ಎದುರಾಳಿಗಳು ಬದಲಾದರು. ಕುದುರೆ ದಳಗಳ ಹಾವಳಿ ಹೆಚ್ಚಿತು. ಕತ್ತಿ ಉದ್ದವಾಯಿತು, ಗುರಾಣಿ ಚಪ್ಪಟೆಯಾಗಿ ಮೊಟ್ಟೆಯ ಆಕಾರ ತಾಳಿತು. ಹಳೆಯ ಗುರಾಣಿ ಕೆಟ್ಟದ್ದೇನಲ್ಲ. ಅದು ಯಾವ ಯುದ್ಧಕ್ಕಾಗಿ ಹುಟ್ಟಿತ್ತೋ ಆ ಯುದ್ಧ ಮುಗಿದಿತ್ತು, ಅಷ್ಟೆ.

ಇದೇ ಅಳತೆಗೋಲನ್ನು ನಮ್ಮ ನೆಲಕ್ಕೆ ಹಿಡಿಯೋಣ. ನಮ್ಮ ನಾಡಿನ ಎಷ್ಟೋ ವೀರಗಲ್ಲುಗಳು ತುರುಗೊಳ್ ಕಾಳಗದವು. ದನ ಅಟ್ಟಿಕೊಂಡು ಹೋದವರ ಬೆನ್ನಟ್ಟಿ ಓಡುವವನಿಗೆ ಮೈಮುಚ್ಚುವ ಗುರಾಣಿ ಹೊರೆಯಷ್ಟೆ. ಅವನಿಗೆ ಬಿಲ್ಲು ಬೇಕು, ಸೊಂಟದಲ್ಲಿ ಕಠಾರಿ ಬೇಕು, ಕೈಯಲ್ಲಿ ಹಗುರವಾದ ಹರಿಗೆಯಿದ್ದರೆ ಸಾಕು. ರಾಜರ ದಂಡಿನ ಕಾಳಗವೇ ಬೇರೆ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲಿನಲ್ಲಿ ಗಂಗರ ಮತ್ತು ನೊಳಂಬರ ಯುದ್ಧವಿದೆ. ಅಲ್ಲಿ ಆನೆ, ಕುದುರೆ, ಕಾಲಾಳುಗಳ ದೊಡ್ಡ ಸಂದಣಿಯನ್ನೇ ಕಾಣುತ್ತೇವೆ.

ಎದುರಾಳಿಯನ್ನು ನೋಡಿ ಕಲಿತ ಅರಸರು ನಮ್ಮಲ್ಲೂ ಇದ್ದರು. 15ನೆಯ ಶತಮಾನದಲ್ಲಿ ವಿಜಯನಗರದ ಇಮ್ಮಡಿ ದೇವರಾಯ ಬಹಮನಿ ಸೈನ್ಯದ ಗೆಲುವಿಗೆ ಕಾರಣವೇನೆಂದು ಸಭೆ ಕರೆದು ವಿಚಾರಿಸಿದ. ಅವರ ಬಲವಾದ ಕುದುರೆಗಳು ಮತ್ತು ಬಿಲ್ಲುಗಾರರು ಎಂಬ ಉತ್ತರ ಬಂತು. ಅವನು ಮುಸಲ್ಮಾನ ಬಿಲ್ಲುಗಾರರನ್ನು ಸೇರಿಸಿಕೊಂಡು, ಜಹಗೀರು ಕೊಟ್ಟು, ತನ್ನವರಿಗೂ ಆ ವಿದ್ಯೆ ಕಲಿಸಿದನೆಂದು ಫೆರಿಸ್ತಾ ಬರೆಯುತ್ತಾನೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಮುತ್ತಿದಾಗ ಗೋಡೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸಿದ್ದು ಪೋರ್ಚುಗೀಸ್ ಕೋವಿಗಾರರು.

ಬತ್ತಿ ಹಚ್ಚಿ ಹಾರಿಸುವ ಆ ಕೋವಿಗೆ ಎರಡೂ ಕೈ ಬೇಕು. ಗುರಾಣಿ ಹಿಡಿಯುವುದಕ್ಕೆ ಮೂರನೆಯ ಕೈ ಎಲ್ಲಿಂದ ತರುವುದು? ಗುಂಡನ್ನು ತಡೆಯುವ ಗುರಾಣಿ ಮಾಡಿದರೆ ಅದನ್ನು ಹೊತ್ತು ನಡೆಯಲಾಗದು. ಹಾಗೆಂದು ಗುರಾಣಿ ಒಂದೇ ದಿನಕ್ಕೆ ಮಾಯವಾಗಲಿಲ್ಲ. ಒಮ್ಮೆ ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಿ, ಗುಂಡು ಜಡಿದು, ಬತ್ತಿ ಸರಿಮಾಡಬೇಕು. ಮಳೆ ಬಂದರೆ ಬತ್ತಿ ಆರುತ್ತದೆ. ಆ ಹೊತ್ತಿನಲ್ಲಿ ಶತ್ರು ಮೇಲೆ ಬಿದ್ದರೆ ಕಾಯುವವನು ಕತ್ತಿ ಗುರಾಣಿಯವನೇ. ಮಕ್ಕಳ ಪ್ರಶ್ನೆಗೆ ಉತ್ತರ ಇದು.

ಈಗ ನಮ್ಮ ಕೋಟೆಯನ್ನೇ ಇನ್ನೊಮ್ಮೆ ನೋಡಿ. ಮತ್ತಿ ತಿಮ್ಮಣ್ಣನಾಯಕನಿಂದ ಮೊದಲಾದ ನಾಯಕರ ಕಾಲದಲ್ಲಿ ಇದು ಸುತ್ತಿನ ಮೇಲೆ ಸುತ್ತಾಗಿ ಬೆಳೆಯಿತು. ಬಾಗಿಲುಗಳು ನೇರವಾಗಿಲ್ಲ, ಆನೆ ಓಡಿಬಂದು ಗುದ್ದದಂತೆ ದಾರಿ ತಿರುಗಿಸಿದ್ದಾರೆ. ಗೋಡೆಯಲ್ಲಿ ಕೋವಿಯ ಕಿಂಡಿಗಳಿವೆ. ಒಳಗೆ ಮದ್ದು ಬೀಸುತ್ತಿದ್ದ ನಾಲ್ಕು ಭಾರಿ ಕಲ್ಲುಗಳಿವೆ. ಸೈನಿಕ ಕೈಬಿಟ್ಟ ಗುರಾಣಿಯ ಕೆಲಸವನ್ನು ಇಲ್ಲಿ ಬಂಡೆ ವಹಿಸಿಕೊಂಡಿತು.

ಒಬವ್ವನ ಒನಕೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಒಬ್ಬೊಬ್ಬನೇ ತಲೆ ತಗ್ಗಿಸಿ ನುಸುಳಬೇಕಾದ ಕಿಂಡಿಯಲ್ಲಿ ಬಂದವನ ಕೋವಿ ಕೆಲಸಕ್ಕೆ ಬಾರದು, ಕತ್ತಿ ಬೀಸಲು ಜಾಗವಿಲ್ಲ. ಅಲ್ಲಿ ಮನೆಯ ಒನಕೆಯೇ ಮೇಲು. ಆಯುಧದ ಬೆಲೆಯನ್ನು ಕಟ್ಟುವುದು ಅದು ನಿಂತ ಜಾಗ. ಜನ ಈ ಕಥೆಯನ್ನು ಮರೆಯದೆ ಉಳಿಸಿಕೊಂಡದ್ದು ಸುಮ್ಮನೆ ಅಲ್ಲ.

ಆದರೂ 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಕೋಟೆಯೊಳಗಿನ ಪಡೆಯ ಒಂದು ಭಾಗ ಅವನ ಕಡೆಗೆ ವಾಲಿದ್ದೇ ಕಾರಣವೆಂದು ವಿಲ್ಕ್ಸ್ ಬರೆಯುತ್ತಾನೆ. ಬಂಡೆ ಸೋಲಲಿಲ್ಲ, ಮನುಷ್ಯ ಸೋತ. ಆಮೇಲೆ ನಡೆದದ್ದು ಆಯುಧದ ಬದಲಾವಣೆಗಿಂತ ದೊಡ್ಡದು. ಸುಮಾರು 20 ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂದು ಅವನೇ ಹೇಳುತ್ತಾನೆ. ಅವರ ಹುಡುಗರನ್ನು ಚೇಲಾ ಪಡೆಗೆ ಸೇರಿಸಿ ಕವಾಯತು ಕಲಿಸಿದರು. ಬೆಟ್ಟದ ಮರೆಯಲ್ಲಿ ತನ್ನ ಬುದ್ಧಿಯಿಂದ ಹೋರಾಡುತ್ತಿದ್ದವನ ಮಗ ಸಾಲಿನಲ್ಲಿ ನಿಂತು ಅಪ್ಪಣೆಯಂತೆ ಗುಂಡು ಹಾರಿಸುವವನಾದ.

ಮುಂದೆ ಬ್ರಿಟಿಷರು ಆಯುಧವನ್ನೇ ಕೇಳಿದರು. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪದೆ ತಿರುಗಿಬಿದ್ದು ಪ್ರಾಣ ಕೊಟ್ಟರು. ಅವರಿಗೆ ಆಯುಧ ಎಂದರೆ ಬರಿಯ ಕಬ್ಬಿಣವಲ್ಲ. ಬದುಕು, ಮಾನ ಎರಡೂ ಅದೇ.

ಕೊನೆಯದಾಗಿ ಒಂದು ಮಾತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ನಿಮ್ಮ ಊರುಗಳಲ್ಲಿ ಕೆರೆಯ ಏರಿಯ ಮೇಲೋ ಗುಡಿಯ ಹಿಂದೆಯೋ ವೀರಗಲ್ಲು ಕಂಡರೆ ಒಂದು ಗಳಿಗೆ ನಿಲ್ಲಿ. ಅವನ ಕೈಯಲ್ಲಿ ಏನಿದೆ ನೋಡಿ. ಯಾರ ಎದುರು, ಯಾವ ಜಾಗದಲ್ಲಿ, ಯಾರ ಅನ್ನ ಉಂಡು ಹೋರಾಡಿದ ಎಂಬುದನ್ನು ಆ ಆಯುಧ ಹೇಳುತ್ತದೆ. ದಯವಿಟ್ಟು ಆ ಕಲ್ಲನ್ನು ಬಟ್ಟೆ ಒಗೆಯುವ ಕಲ್ಲಾಗಲು ಬಿಡಬೇಡಿ.