ಗಾಳಿಯ ಬಳಸುದಾರಿ



ನೀರು ತಗ್ಗಿನೆಡೆಗೆ ಹರಿಯುತ್ತದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಗಾಳಿಯೂ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ನೇರವಾಗಿ ಧಾವಿಸಬೇಕೆಂದು ನಾವು ಊಹಿಸುತ್ತೇವೆ. ಆದರೆ ಹವಾಮಾನದ ಭೂಪಟದಲ್ಲಿ ಕಾಣುವುದು ಬೇರೆ. ಸಮಾನ ಒತ್ತಡದ ಸ್ಥಳಗಳನ್ನು ಕೂಡಿಸುವ ಗೆರೆಗಳಿಗೆ ಸಮಭಾರ ರೇಖೆಗಳೆಂದು ಹೆಸರು. ನೆಲದಿಂದ ಸುಮಾರು 1 ಕಿಲೋಮೀಟರಿಗಿಂತ ಮೇಲೆ ಬೀಸುವ ಗಾಳಿ ಬಹುಮಟ್ಟಿಗೆ ಈ ರೇಖೆಗಳನ್ನು ದಾಟುವುದಿಲ್ಲ. ಅವುಗಳ ಗುಂಟ ಸಾಗುತ್ತದೆ. ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಈ ಶಾಸ್ತ್ರದತ್ತ ಸೆಳೆದುದು ಈ ವೈಚಿತ್ರ್ಯವೇ.

ಕಾರಣ, ಭೂಮಿಯ ಆವರ್ತನ. ತಿರುಗುವ ತಿಗರಿಯ ಮೇಲೆ ಸೀಮೆಸುಣ್ಣವನ್ನು ನೇರವಾಗಿ ಎಳೆದರೂ ಮೂಡುವ ಗೆರೆ ಬಾಗಿರುತ್ತದೆ. ಫ್ರಾನ್ಸಿನ ಕೊರಿಯೊಲಿ 1835ರಲ್ಲಿ ಈ ಬಾಗುವಿಕೆಯ ಗಣಿತವನ್ನು ನಿರೂಪಿಸಿದ್ದು ಯಂತ್ರಗಳನ್ನು ಕುರಿತು, ಗಾಳಿಯನ್ನು ಕುರಿತಲ್ಲ. ಉತ್ತರಾರ್ಧಗೋಳದಲ್ಲಿ ಚಲಿಸುವ ಗಾಳಿ ತನ್ನ ಬಲಕ್ಕೆ ಓಲುತ್ತದೆ. ಒತ್ತಡದ ಸೆಳೆತ ಎಡಕ್ಕೆ, ಆವರ್ತನದ ಓಲು ಬಲಕ್ಕೆ. ಎರಡೂ ಸರಿತೂಗಿದಾಗ ಗಾಳಿ ಅವುಗಳ ನಡುವೆ ನೇರವಾಗಿ ನಡೆಯುತ್ತದೆ. ಇದೇ ಜಿಯೊಸ್ಟ್ರಾಫಿಕ್ ಮಾರುತ. ಗ್ರೀಕಿನಲ್ಲಿ 'ಸ್ಟ್ರೊಫೆ' ಎಂದರೆ ತಿರುವು. ಗ್ರೀಕ್ ನಾಟಕದ ಮೇಳ ತಿರುಗಿ ಸಾಗುತ್ತ ಹಾಡುತ್ತಿದ್ದ ಭಾಗಕ್ಕೂ ಅದೇ ಹೆಸರು.

ಇದು ಬರಿಯ ಪಾಂಡಿತ್ಯವಲ್ಲ. ಹಾಲೆಂಡಿನ ಉಟ್ರೆಕ್ಟಿನಲ್ಲಿದ್ದ ಬೈಸ್ ಬ್ಯಾಲಟ್ 1857ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದ: ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ನಿಮ್ಮ ಎಡಕ್ಕಿರುತ್ತದೆ. ರೇಡಿಯೋ ಇಲ್ಲದ ಆ ಕಾಲದಲ್ಲಿ, ಕಣ್ಣಿಗೆ ಕಾಣದ ಬಿರುಗಾಳಿಯ ಕೇಂದ್ರ ಎತ್ತಲಿದೆ, ಹಡಗನ್ನು ಎತ್ತ ತಿರುಗಿಸಬೇಕು ಎಂಬುದು ನಾವಿಕನಿಗೆ ಪ್ರಾಣದ ಪ್ರಶ್ನೆ. ಕಡಲ ಮೈಯ ಘರ್ಷಣೆ ಗಾಳಿಯನ್ನು ತುಸು ಒಳಕ್ಕೆ ಬಾಗಿಸುವುದರಿಂದ ಕೇಂದ್ರ ಎಡಗೈಗಿಂತ ಸ್ವಲ್ಪ ಮುಂದಿರುತ್ತದೆ. ಇಷ್ಟನ್ನು ಬಲ್ಲವನಿಗೆ ದಿಕ್ಕು ತಿಳಿಯುತ್ತಿತ್ತು.

ಈ ನಿಯಮ ಎಲ್ಲೆಡೆಯೂ ಒಂದೇ ಬಲದಿಂದ ನಡೆಯದು. ಉಟ್ರೆಕ್ಟಿನ ಅಕ್ಷಾಂಶ 52 ಡಿಗ್ರಿ, ಬೆಂಗಳೂರಿನದು 13. ಒಂದೇ ವೇಗದ ಗಾಳಿಗೆ ಇಲ್ಲಿನ ಓಲು ಅಲ್ಲಿಯದರ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಸಮಭಾಜಕವೃತ್ತದಲ್ಲಿ ಅದು ಸೊನ್ನೆ. ಆದರೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ದಿನಗಟ್ಟಲೆ ಬಾಳಿ ಒಳನಾಡಿಗೆ ಮಳೆ ತರುವುದರಲ್ಲಿ ಈ ದುರ್ಬಲ ಓಲಿನ ಪಾಲಿದೆ. ಅದಿಲ್ಲದಿದ್ದರೆ ಗಾಳಿ ನೇರವಾಗಿ ನುಗ್ಗಿ ಆ ಕುಳಿಯನ್ನು ಬೇಗನೆ ತುಂಬಿಬಿಡುತ್ತಿತ್ತು.

ಸಮತೋಲವೆಂದರೆ ನಿಶ್ಚಲತೆಯೆಂದು ನಾವು ಭಾವಿಸುವುದುಂಟು. ಇಲ್ಲಿಯಾದರೋ ಬಲಗಳು ಸರಿತೂಗಿದ ಮೇಲೆಯೂ ಗಾಳಿ ಬೀಸುತ್ತಲೇ ಇರುತ್ತದೆ.