ಒಳಗಿನ ಚಿಲಕ

ಹದಿನೈದರ ಮಗ ಶಾಲೆ ಬಿಟ್ಟು, ಕೋಣೆಗೆ ಚಿಲಕ ಹಾಕಿಕೊಂಡು ಕೂತರೆ ನಾವೇನು ಮಾಡುತ್ತೇವೆ? ಅವನೊಬ್ಬನನ್ನೇ ಆಪ್ತಸಮಾಲೋಚಕರ ಮುಂದೆ ಕೂರಿಸಿ, ‘ಸ್ವಲ್ಪ ಬುದ್ಧಿ ಹೇಳಿ’ ಅನ್ನುತ್ತೇವೆ. ಕೆಟ್ಟ ಮಿಕ್ಸಿಯನ್ನು ರಿಪೇರಿಗೆ ಬಿಟ್ಟು ಬಂದ ಹಾಗೆ.

ಆದರೆ ಕುಟುಂಬ ಚಿಕಿತ್ಸೆ ಮನೆಮಂದಿಯನ್ನೆಲ್ಲ ಕರೆಯುತ್ತದೆ, ಬೇಕಾದರೆ ಅಜ್ಜಿಯನ್ನೂ. ಅರ್ಜೆಂಟೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನೋವೈದ್ಯ ಸಾಲ್ವಡಾರ್ ಮಿನುಚಿನ್, ಊಟ ಬಿಟ್ಟ ಮಕ್ಕಳ ಇಡೀ ಕುಟುಂಬದ ಜೊತೆ ಊಟಕ್ಕೇ ಕೂರುತ್ತಿದ್ದರು. ಯಾರು ಗದರುತ್ತಾರೆ, ಯಾರು ತಲೆ ತಗ್ಗಿಸುತ್ತಾರೆ, ಎಲ್ಲ ತಟ್ಟೆಯ ಸುತ್ತಲೇ ಕಾಣುತ್ತಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಕುಟುಂಬಗಳಿಗೆಂದೇ ಒಂದು ಕೇಂದ್ರವಿದೆ.

ಈ ಚಿಕಿತ್ಸೆಯಲ್ಲಿ ಪ್ರಶ್ನೆಯ ದಿಕ್ಕೇ ಬೇರೆ. ಮಗನನ್ನಲ್ಲ, ಅವನ ತಂಗಿಯನ್ನು ಕೇಳಬಹುದು: ‘ಅಪ್ಪ ಬೈದಾಗ ಅಮ್ಮ ಏನು ಮಾಡ್ತಾರೆ ಪುಟ್ಟಿ?’

‘ಪಾತ್ರೆ ಕುಕ್ತಾಳೆ. ಅಣ್ಣ ಬಾಗಿಲು ಹಾಕ್ಕೋತಾನೆ. ಆಮೇಲೆ ಅಪ್ಪ ಅಮ್ಮ ಇಬ್ಬರೂ ಜಗಳ ಆಡ್ತಾರೆ.’

ಹೀಗೊಂದು ಮಾತು ಬಂದಾಗ ಕೋಣೆಯೆಲ್ಲ ಮೌನ. ಯಾರದು ತಪ್ಪು ಎಂದು ಚಿಕಿತ್ಸಕರು ಹೇಳುವುದಿಲ್ಲ; ತೀರ್ಪು ಕೊಡಲು ಅದೇನು ಪಂಚಾಯಿತಿ ಕಟ್ಟೆಯಲ್ಲ.

ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸಕರು ಮನೆಗೆ ಕೊಡುವ ಪಾಠವಂತೂ ಬಹಳ ಸಣ್ಣದಿರಬಹುದು: ದಿನಕ್ಕೆ ಹತ್ತು ನಿಮಿಷ, ಅಂಕಪಟ್ಟಿಯ ಸುದ್ದಿ ಎತ್ತದೆ ಮಗನ ಜೊತೆ ಕಾಫಿ. ಮೊದಲ ದಿನ ಅವನು ಮಾತಾಡಲಿಕ್ಕಿಲ್ಲ. ಅಪ್ಪನಿಗೂ ಏನು ಕೇಳಬೇಕೋ ತೋಚಲಿಕ್ಕಿಲ್ಲ.