ಕಿವಿಯೊಳಗಿನ ಕೊನೆಯ ಹೊಲ
(ಕುಂಚಾವರಂನಲ್ಲಿ ಮಾಡಿದ ಭಾಷಣದ ಪಾಠ)



ನಾನು ಡಾಕ್ಟರಲ್ಲ. ಪಿ.ಯು.ಸಿ. ಓದಿ ಮುದ್ರಣಾಲಯ ಇಟ್ಟುಕೊಂಡವ. ಚಿಕ್ಕಂದಿನಲ್ಲಿ ನನ್ನ ಎಡಗಿವಿ ಸೋರುತ್ತಿತ್ತು. ಅವ್ವ ಬೆಚ್ಚಗಿನ ಎಣ್ಣೆ ಬಿಟ್ಟಳು. ಮುಂದೆ ಪಟ್ಟಣದ ಡಾಕ್ಟರೊಬ್ಬರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಚೀಟಿ ಬರೆದರು. ಆ ಕಿವಿ ಇಂದಿಗೂ ಮಂದ. ಒಳಗೆ ಏನು ಕೆಟ್ಟಿತೆಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ನಿಮಗೆ ಐದು ನಿಮಿಷ ಸಾಕು, ಕೇಳಿ.

ಕಿವಿಯ ತಮಟೆಯ ಹಿಂದೆ ಒಂದು ಸಣ್ಣ ಗೂಡು. ಅದರಲ್ಲಿ ಮೂರು ಎಲುಬು: ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪಿನ ಎತ್ತರ ಸುಮಾರು 3 ಮಿಲಿಮೀಟರ್. ದೇಹದಲ್ಲೇ ಅತಿ ಸಣ್ಣ ಎಲುಬು. ತಮಟೆಗೆ ಬಡಿದ ಸದ್ದನ್ನು ಈ ಮೂವರು ಕೈಯಿಂದ ಕೈಗೆ ದಾಟಿಸಿ ಒಳಗಿವಿಗೆ ಮುಟ್ಟಿಸುತ್ತಾರೆ.

ಈ ಗೂಡಿಗೆ ರಕ್ತ ನಾಲ್ಕೂ ಕಡೆಯಿಂದ ಬರುತ್ತದೆ. ಮುಂದಿನಿಂದ ದವಡೆಯ ಅಪಧಮನಿಯ ಕವಲು. ಹಿಂದಿನಿಂದ, ಮುಖದ ನರ ಹೊರಬೀಳುವ ತೂತಿನಲ್ಲೇ ಒಳನುಗ್ಗುವ ಕವಲು. ಕೆಳಗಿನಿಂದ ಗಂಟಲಿನದು, ಮೇಲಿನಿಂದ ಮಿದುಳಿನ ಹೊದಿಕೆಯದು. ಇವೆಲ್ಲ ಕತ್ತಿನ ಹೊರ ಅಪಧಮನಿಯ ಮಕ್ಕಳು, ಮೊಮ್ಮಕ್ಕಳು. ಮಿದುಳಿಗೆ ಹೋಗುವ ಒಳ ಅಪಧಮನಿಯೂ ದಾರಿಯಲ್ಲಿ ಸಣ್ಣ ಎಳೆ ಕೊಟ್ಟು ಹೋಗುತ್ತದೆ. ಇನ್ನೊಂದು ಸೋಜಿಗ: ತಾಯಗರ್ಭದಲ್ಲಿ ರಿಕಾಪಿನ ಬಳೆಯ ನಡುವೆ ಒಂದು ಅಪಧಮನಿ ಹಾದಿರುತ್ತದೆ. ಮೂರನೆಯ ತಿಂಗಳ ಸುಮಾರಿಗೆ ಅದು ಮಾಯ. ತೂತು ಮಾತ್ರ ಉಳಿಯುತ್ತದೆ.

ಇಷ್ಟು ದಾರಿಗಳಿದ್ದರೂ ಅಡಿಗಲ್ಲಿನ ಉದ್ದ ಕಾಲಿನ ತುದಿಗೆ ರಕ್ತ ಕಡಿಮೆ. ಅದು ಕಾಲುವೆಯ ಕೊನೆಯ ಹೊಲ. ಕಿವಿ ವರ್ಷಗಟ್ಟಲೆ ಸೋರಿದರೆ, ಬಾವು ಹತ್ತಿ, ಬಹಳಷ್ಟು ಸಲ ಮೊದಲು ಸವೆಯುವುದು ಆ ತುದಿಯೇ. ಅಚ್ಚಿನಲ್ಲಿ ಒಂದು ಮೊಳೆ ಬಿದ್ದರೆ ಪದ ಕೆಟ್ಟಂತೆ, ಅಲ್ಲಿ ಕೊಂಡಿ ಕಳಚಿದರೆ ಸದ್ದು ಬಹಳ ಮಂದವಾಗುತ್ತದೆ.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚಿಂಚೋಳಿ ತಾಲ್ಲೂಕಿನ ತಾಂಡಾದ ತಾಯಿಗೆ ಅದು ಬಲು ದೂರ. ಅವಳಿಗೆ ಹತ್ತಿರ ಇರಬೇಕಾದದ್ದು ತಿಳಿವಳಿಕೆ. ಮಗುವಿನ ಕಿವಿ ಸೋರಿದರೆ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ, ನೀರು ಹೋಗದಂತೆ ನೋಡಿಕೊಳ್ಳಿ, ಬೇಗ ಡಾಕ್ಟರಿಗೆ ತೋರಿಸಿ. ಸೋರುವ ಕಿವಿಯ ಜೊತೆ ಮುಖ ಸೊಟ್ಟಗಾದರೆ, ತಲೆನೋವು, ತಲೆಸುತ್ತು ಬಂದರೆ ಅಂದೇ ಹೊರಡಿ. ತಮಟೆಗೆ ತೇಪೆ ಹಾಕುವ, ಕೊಂಡಿ ಜೋಡಿಸುವ ಶಸ್ತ್ರಚಿಕಿತ್ಸೆ ಈಗ ಇದೆ.

ಡಾಕ್ಟರನ್ನು ಅಂಜದೆ ಕನ್ನಡದಲ್ಲೇ ಕೇಳಿ: "ತಮಟೆ ಹರಿದಿದೆಯೇ? ಅಡಿಗಲ್ಲು ಸವೆದಿದೆಯೇ?" ನನ್ನ ಅವ್ವನಿಗೆ ಈ ಎರಡು ಮಾತು ಗೊತ್ತಿರಲಿಲ್ಲ. ನಿಮಗೆ ಗೊತ್ತಾಯಿತು. ಪಕ್ಕದ ಮನೆಗೂ ಹೇಳಿ.